ಕತ್ತು ಬಗ್ಗಿಸುವ ದೃಶ್ಯ

ಜೂನ್ ೧೧, ಗುರುವಾರ

ಮನೆಗೆ ಬಂದು ತಣ್ಣೀರು ಸುರಿದುಕೊಂಡರೂ ಮೈಯುರಿ ಆರಿಲ್ಲ.

ದೇಶ ಒಡೆದ ಕಾಲದ ಕಥೆಯೊಂದನ್ನು ನಾಟಕ ಮಾಡುತ್ತಿದ್ದೇವೆ. ಗಲಭೆಯವರು ಬಾಗಿಲು ಬಡಿಯುತ್ತಾರೆ. ಮಗಳು ಅವರ ಕೈಗೆ ಸಿಗಬಾರದೆಂದು ಅಪ್ಪನೇ ಅವಳನ್ನು ಕಡಿಯುತ್ತಾನೆ. ಆ ಮಗಳು ನಾನು. ನನಗೆ ಒಂದೇ ಒಂದು ಮಾತೂ ಇಲ್ಲ, ಕತ್ತು ಬಗ್ಗಿಸಿ ಕೂತರೆ ಸಾಕು. ಇದಕ್ಕೆ ಬಲಿದಾನ ಅಂತ ಹೆಸರು ಬೇರೆ!

"ಹೊರಗಿನವರು ಕೊಂದ್ರೆ ಕೊಲೆ, ಅಪ್ಪ ಕೊಂದ್ರೆ ತ್ಯಾಗವಾ ಸಾರ್?" ಅಂತ ಇವತ್ತು ತಾಲೀಮಿನಲ್ಲಿ ನಿರ್ದೇಶಕರನ್ನು ಕೇಳಿದೆ.

"ಆ ಕಾಲ ಹಾಗಿತ್ತಮ್ಮ. ಜನ ಅಪ್ಪನಿಗಾಗಿ ಅಳ್ಬೇಕು. ನೀನು ಸುಮ್ನೆ ಬಗ್ಗು."

ಅಪ್ಪನಿಗಾಗಿಯಂತೆ! ರೇಗಿಹೋಯಿತು. ಮರದ ಕತ್ತಿ ಮೇಲೆದ್ದಾಗ ನಾನು ಬಗ್ಗಲಿಲ್ಲ. ತಲೆಯೆತ್ತಿ ಅಪ್ಪನ ಪಾತ್ರದವರ ಕಣ್ಣನ್ನೇ ನೋಡಿದೆ. ತಮ್ಮ ಡಬ್ಬಿಯ ಊಟದಲ್ಲಿ ದಿನಾ ನನಗೂ ಪಾಲಿಡುವ ಮನುಷ್ಯ ಅವರು. ಕತ್ತಿ ಗಾಳಿಯಲ್ಲೇ ನಿಂತಿತು.

"ಆಗಲ್ಲ ಸಾರ್. ಇವಳು ಹೀಗೆ ನೋಡ್ತಿದ್ರೆ ನಂಗೆ ಕೈ ಬರಲ್ಲ" ಅಂದರು.

ಕೈ ಬರಲ್ಲ. ಇಡೀ ಕಥೆಯಲ್ಲಿ ಯಾರೂ ಆಡದ ಮಾತು ಅದು. ನಿರ್ದೇಶಕರು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರಾ? "ಸರಿ, ಅವಳ ಮುಖಕ್ಕೊಂದು ಬಟ್ಟೆ ಮುಚ್ಚಿ" ಅಂದರು, ದೀಪದ ದಿಕ್ಕು ಬದಲಿಸಲು ಹೇಳಿದಷ್ಟೇ ಸಲೀಸಾಗಿ.

ಕರಿಬಟ್ಟೆಯೊಳಗೆ ನನಗೇನೂ ಕಾಣಲಿಲ್ಲ. ಕತ್ತಿ ಬೀಸಿದ ಸದ್ದು ಕೇಳಿಸಿತು, ಹಿಂದೆಯೇ ತಂಡದವರ ಚಪ್ಪಾಳೆ.

ನಾಟಕದ ದಿನ ಆ ಬಟ್ಟೆಯನ್ನು ಕಿತ್ತೆಸೆಯುತ್ತೇನೆ. ಮತ್ತೆ ಯಾರೂ ಪಾತ್ರ ಕೊಡದಿದ್ದರೆ ಬೇಡ. ಎಲ್ಲರೆದುರು ಅವರಿಗೆ ಕೈ ಬರುತ್ತದಾ, ನೋಡಿಯೇ ಬಿಡೋಣ.