ಮಗ್ಗುಲಾಗಿ ಮಲಗಿದವರ ಪೆಟ್ಟಿಗೆ

ಗುರುವಾರ, ಮಧ್ಯಾಹ್ನ

ಅಕ್ಕಾ,

ಭಾವ ತೀರಿಕೊಂಡರು ಎಂದು ಸೋಮವಾರ ಫೋನಿನಲ್ಲಿ ಹೇಳಿದಾಗ ನೀನು "ಸರಿ" ಎಂದು ಇಟ್ಟುಬಿಟ್ಟೆ. ಒಂಬತ್ತು ವರ್ಷ ಬೇರೆ ಇದ್ದವರಿಗೆ ಅಷ್ಟು ಸಾಕೇನೋ ಎಂದು ನಾನೂ ಸುಮ್ಮನಾದೆ. ಈಗ ಸುಮ್ಮನಿರುವಂತಿಲ್ಲ. ಮಣ್ಣು ಮಾಡುವುದು ಶನಿವಾರ ಹತ್ತು ಗಂಟೆಗೆ, ಅಲ್ಲಿಯವರೆಗೆ ದೇಹ ಆಸ್ಪತ್ರೆಯ ಶವಾಗಾರದಲ್ಲಿರುತ್ತದೆ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಕೇಳಿದವರಿಗೆ ಕೇಳಿದ ಆಕಾರದ ಶವಪೆಟ್ಟಿಗೆ. ದರ್ಜಿಗೆ ಹೊಲಿಗೆ ಯಂತ್ರ, ಕಂಡಕ್ಟರಿಗೆ ಬಸ್ಸು. ಮರ ನನ್ನದು, ಬಣ್ಣ ಭಾವನದು. ಗಿರಾಕಿ ಬದುಕಿರುವಾಗಲೇ ನೆಲಕ್ಕೆ ಹಾಸಿದ ಕಂದು ಕಾಗದದ ಮೇಲೆ ಮಲಗಿಸಿ ಸುತ್ತ ಪೆನ್ಸಿಲಿನ ಗೆರೆ ಎಳೆಯುತ್ತೇನೆ. ಆ ಗೆರೆಯ ಪ್ರಕಾರವೇ ಮರ ಕೊಯ್ಯುವುದು.

ಹೋದ ತಿಂಗಳು ಭಾವ ತಾವಾಗಿಯೇ ಬಂದರು. ಯಾವ ಆಕಾರ ಎಂದು ಕೇಳಿದೆ. "ಮಲಗಿದ ಹಾಗೆ ಮಾಡೋ, ಸಾಕು. ಬಣ್ಣ ಬೇಡ. ನಾನಿಲ್ಲದಾಗ ನೀನು ಬಳಿಯೋ ಬಣ್ಣದೊಳಗೆ ಅಷ್ಟು ವರ್ಷ ಮಲಗೋಕೆ ನನ್ನ ಕೈಲಾಗಲ್ಲ" ಅಂದರು. ನಾನು ಪೆನ್ಸಿಲ್ ಚೂಪು ಮಾಡಿ ತಿರುಗುವಷ್ಟರಲ್ಲಿ ಎಡಮಗ್ಗುಲಿಗೆ ಹೊರಳಿ, ಮಂಡಿ ಮಡಿಸಿ, ಎಡಗೈ ಚಾಚಿದ್ದರು. ಅವರು ಹೇಳಿದ ಆಕಾರ ಇದೇ ಎಂದುಕೊಂಡು ಬೆರಳ ತುದಿಯವರೆಗೂ ಗೆರೆ ಎಳೆದೆ. ಮುಗಿಸಿ ಏಳಿ ಎಂದರೆ ಉತ್ತರ ಗೊರಕೆ. ಕಾಯಿಲೆಯ ಮನುಷ್ಯ, ನಿದ್ದೆ ಹೋಗಿದ್ದರು. ಎದ್ದ ಮೇಲೆ ಆ ಗೆರೆಯನ್ನು ಬಹಳ ಹೊತ್ತು ನೋಡಿದರು. ತಪ್ಪಾಯಿತು, ಅಳಿಸಿ ಇನ್ನೊಮ್ಮೆ ಎಳೆಯುತ್ತೇನೆ ಎಂದೆ. "ಇರಲಿ ಬಿಡೋ" ಅಂದರು.

ಪೆಟ್ಟಿಗೆ ಹಾಗೆಯೇ ಆಗಿದೆ. ಅಗಲ ನಾಲ್ಕೂವರೆ ಅಡಿ. ಕೈಗೂ ಮಂಡಿಗೂ ನಡುವೆ ಜಾಗ ಉಳಿದಿದೆ. ಯಾರಿಗೆಂದು ನಾನು ಕೇಳಿರಲಿಲ್ಲ.

ಮೂರು ದಿನದಿಂದ ಊರವರು ಬಂದು ಹೋಗುತ್ತಿದ್ದಾರೆ. ಎಲ್ಲರಿಗೂ ಭಾವ ಚಿತ್ರ ಬರೆದ ತಮ್ಮ ತಮ್ಮ ಗೋಡೆಯದೇ ಮಾತು. ತೇವ ಏರಿ ಬಣ್ಣ ಉದುರುತ್ತದೆಂದು ಗೋಡೆಯ ಕೆಳಗಿನ ಒಂದೂವರೆ ಅಡಿ ಅವರು ಖಾಲಿ ಬಿಡುತ್ತಿದ್ದರಲ್ಲ, ಹಾಗಾಗಿ ಚಿತ್ರದಲ್ಲಿ ಯಾರಿಗೂ ಪಾದವಿಲ್ಲ. "ನಮ್ಮಮ್ಮ ಇಪ್ಪತ್ತು ವರ್ಷದಿಂದ ಅಂಗಡಿ ಗೋಡೆ ಮೇಲೆ ತೇಲ್ತಾನೇ ಇದಾಳೆ" ಎಂದು ಬೇಕರಿಯವನು ನಗಲು ಹೋಗಿ ಅತ್ತುಬಿಟ್ಟ. ಭಾವನ ಸ್ವಂತ ಮನೆಯ ಗೋಡೆ ಹೇಗಿದೆ ಎಂದು ಯಾರೋ ಕೇಳಿದರು. "ಊರಿಗೆಲ್ಲ ಬಣ್ಣ, ನಮ್ಮನೆಗೆ ಬರೀ ಸುಣ್ಣ" ಎಂದು ನೀನು ಚುಚ್ಚುತ್ತಿದ್ದುದು ನೆನಪಾಯಿತು. ಮಾತು ತೇಲಿಸಿದೆ. ನಿಮ್ಮಿಬ್ಬರ ನಡುವೆ ನಡೆದದ್ದೇನೆಂದು ನಾನು ಕೇಳಿದವನಲ್ಲ, ಈಗಲೂ ಕೇಳುವುದಿಲ್ಲ.

ವಿಷಯ ಇಷ್ಟೇ. ಸ್ಮಶಾನದ ಗುಮಾಸ್ತ ಇವತ್ತು ಟೇಪು ಹಿಡಿದು ನೋಡಿ, "ಇದೇನ್ರೀ, ಪೆಟ್ಟಿಗೆನೋ ಮಂಚಾನೋ?" ಅಂದ. ಒಂದು ಗುಂಡಿಯಲ್ಲಿ ಹಿಡಿಯುವುದಿಲ್ಲ, ಪಕ್ಕದ ಜಾಗವೂ ಬೇಕು, ಅದಕ್ಕೆ ಹೆಂಡತಿಯ ಸಹಿ ಬೇಕು. ದಾಖಲೆಯಲ್ಲಿ ಈಗಲೂ ಅದು ನೀನೇ. ಇಲ್ಲದಿದ್ದರೆ ನಾಳೆ ಸಂಜೆಯೊಳಗೆ ತೋಳಿನ ಭಾಗ ಕೊಯ್ದು ತೆಗೆದು, ಭಾವನ ಕೈಯನ್ನು ಎದೆಯ ಮೇಲೆ ಮಡಿಸಬೇಕು. ಗರಗಸ ಹಿಡಿದು ಎರಡು ಸಲ ಹೋಗಿ ವಾಪಸ್ ಬಂದೆ.

ಫಾರಂ ಇದರ ಜೊತೆಗಿದೆ. ಬಸ್ ಡ್ರೈವರ್ ಸಂಜೆ ನಿನಗೆ ತಲುಪಿಸುತ್ತಾನೆ, ಬೆಳಿಗ್ಗೆ ಅದೇ ಬಸ್ಸು ಈ ಕಡೆ ಬರುತ್ತದೆ. ಅವನ ಕೈಯಲ್ಲೇ ಕಳಿಸು. ನೀನೇ ತಂದರೂ ಆದೀತು. ಫಾರಂ ಖಾಲಿ ಬಂದರೆ ಬೇಸರವಿಲ್ಲ ಎಂದು ಬರೆಯಲು ಹೊರಟಿದ್ದೆ. ಬೇಸರವಿದೆ.

ನಿನ್ನ ತಮ್ಮ

ತಾ.ಕ.: ಗುಮಾಸ್ತ ಹೇಳಿದ್ದನ್ನು ನಾನು ಪೂರ್ತಿ ಬರೆಯಲಿಲ್ಲ. ಹೆಂಡತಿ ಬಾರದಿದ್ದರೆ ಹೆಂಡತಿಯ ತಮ್ಮನ ಸಹಿಯೂ ನಡೆಯುತ್ತದಂತೆ. ಪೆನ್ನು ಮುಂದಿಟ್ಟ. ನನಗೆ ಓದು ಬರಹ ಬರುವುದಿಲ್ಲ ಎಂದೆ. ಹಾಗಾದರೆ ಹೆಬ್ಬೆಟ್ಟು ಒತ್ತಿ ಎಂದ. ಬೆರಳಿಗೆಲ್ಲ ಅಂಟು ಮೆತ್ತಿದೆ ಎಂದೆ.