ಬ್ರೇಕ್ ಇರುವ ಸೈಕಲ್

ಮಾರ್ಚ್ ೧೧, ಬುಧವಾರ

ಮೊಣಕಾಲು ಇನ್ನೂ ಉರಿಯುತ್ತಿದೆ. ರಾಷ್ಟ್ರೀಯ ಸೈಕ್ಲಿಂಗ್ ತಂಡಕ್ಕೆ ಆಯ್ಕೆಯಾದವಳು ಅಡುಗೆಯವರ ಸೈಕಲ್ ಕೇಳಿ ತಗೊಂಡು ಹೋಗಿ ಹಾಸ್ಟೆಲ್ ಗೇಟಿಗೇ ಗುದ್ದಿದಳು ಅಂದರೆ ಯಾರಾದರೂ ನಕ್ಕಾರು.

ಗೂಬೆಯನ್ನು ಬಸ್ಸಿಗೆ ಬಿಟ್ಟು ಬರುತ್ತಿದ್ದೆ. ನನ್ನ ರೂಮ್‌ಮೇಟಿಗೆ ನಾನೇ ಇಟ್ಟ ಹೆಸರು ಅದು, ರಾತ್ರಿಯೆಲ್ಲ ದೀಪ ಹಾಕಿಕೊಂಡು ಓದುತ್ತಾಳೆ ಅಂತ. ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ನಿನ್ನೆ ಅವಳನ್ನು ಸೋಲಿಸಿ ಅದನ್ನು ನಾನು ಪಡೆದೆ. ಇವತ್ತು ಊರಿಗೆ ಹೊರಟವಳು ದಾರಿಯುದ್ದಕ್ಕೂ ಕ್ಯಾರಿಯರ್ ಮೇಲೆ ಚೀಲ ಅಪ್ಪಿಕೊಂಡು ಕೂತಿದ್ದಳು. ಬಸ್ಸು ಹತ್ತುವಾಗ, "ಹುಷಾರು ಕಣೇ. ಈ ಸೈಕಲ್ಲಿಗೆ ಬ್ರೇಕ್ ಇದೆ, ಮರೀಬೇಡ" ಅಂದಳು.

ಮರೆತೇಬಿಟ್ಟೆ. ನಮ್ಮ ಟ್ರ್ಯಾಕ್ ಸೈಕಲ್ಲಿಗೆ ಬ್ರೇಕೇ ಇಲ್ಲ, ಪೆಡಲನ್ನು ಕಾಲಲ್ಲಿ ತಡೆದೇ ವೇಗ ಇಳಿಸಬೇಕು. ಗೇಟು ಕಂಡಾಗ ಹಾಗೇ ತಡೆದೆ. ಪೆಡಲು ಗಿರ್ರನೆ ಹಿಂದಕ್ಕೆ ತಿರುಗಿತು, ಸೈಕಲ್ಲು ತನ್ನ ಪಾಡಿಗೆ ಮುಂದೆ ಹೋಯಿತು.

ಬಿದ್ದಲ್ಲೇ ನಗು ಬಂತು. ಅವಳು ಹೋದದ್ದೇ ಮರೆತು, ಇದನ್ನು ಗೂಬೆಗೆ ಹೇಳಬೇಕು ಅಂತ ಕುಂಟುತ್ತಲೇ ಮೆಟ್ಟಿಲು ಹತ್ತಿದೆ. ಬಾಗಿಲು ತೆಗೆದರೆ ಅವಳ ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿತ್ತು.

ಆಮೇಲೆ ಅಮ್ಮನ ಫೋನ್ ಬಂತು. "ಬೀದಿಗೆಲ್ಲ ಹೇಳಿದೀನಿ. ಖುಷಿ ತಾನೇ ನಿಂಗೆ?"

"ಹೂಂ" ಅಂದೆ. ಬಿದ್ದದ್ದು ಹೇಳಲಿಲ್ಲ.

ಗೂಬೆಗೆ ಮೆಸೇಜ್ ಬರೆದೆ, ಅಳಿಸಿದೆ. ಗೆದ್ದವಳು ಬಿದ್ದರೆ ಸೋತವಳು ಯಾಕೆ ನಗಬೇಕು?

ಅವಳ ತಲೆದೆಸೆಯ ದೀಪ ಉರಿಯುತ್ತಲೇ ಇದೆ. ಆರಿಸು ಅಂತ ದಿನಾ ಜಗಳ ತೆಗೆಯುತ್ತಿದ್ದವಳು ನಾನು. ಈಗ ಆರಿಸಬೇಡ ಅನ್ನುವವರು ಯಾರೂ ಇಲ್ಲ, ಆದರೂ ಎದ್ದು ಆರಿಸುವುದಕ್ಕೆ ಮನಸ್ಸೇ ಬರುತ್ತಿಲ್ಲ.