ಮೊದಲು ಹೀಗಿತ್ತು

ಮನೆಯಿಂದ,
ಭಾನುವಾರ, ಮಧ್ಯಾಹ್ನದ ನಿದ್ದೆ ಬಾರದ ಹೊತ್ತು

ಪ್ರೀತಿಯ ಇವಳೇ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲು ಹತ್ತುವಾಗ ಪಕ್ಕದ ಕಂಬಿ ಹಿಡಿದುಕೊಂಡೇ ಹತ್ತು, ಯಾರೂ ನೋಡುತ್ತಿಲ್ಲ ಅಂತ ಹುಡುಗಿಯ ಹಾಗೆ ಓಡಬೇಡ. ಮೊಮ್ಮಗಳ ಕೆಮ್ಮು ನಿಂತಿತೇ? ಮಗಳಿಗೆ ಆಸ್ಪತ್ರೆಯಲ್ಲಿ ಇನ್ನೂ ರಾತ್ರಿ ಪಾಳಿಯೇ? ನನ್ನ ಬಗ್ಗೆ ಚಿಂತೆ ಬೇಡ, ನಾನಿಲ್ಲಿ ಗುಂಡುಕಲ್ಲಿನ ಹಾಗಿದ್ದೇನೆ. ಫೋನ್ ಇರುವಾಗ ಈ ಮುದುಕನಿಗೆ ಕಾಗದ ಬರೆಯುವ ಚಪಲ ಯಾಕೆ ಅಂತ ನೀನು ಕೇಳಬಹುದು. ಫೋನ್ ಮಾಡಿದರೆ ಮಗಳು ಅದನ್ನು ಸ್ಪೀಕರಿಗೆ ಹಾಕುತ್ತಾಳೆ. ಅಳಿಯಂದಿರು ದೂರದಿಂದ ನಮಸ್ಕಾರ ಅನ್ನುತ್ತಾರೆ, ಮೊಮ್ಮಗಳು ಶಾಲೆಯ ಹಾಡು ಒಪ್ಪಿಸುತ್ತಾಳೆ, ನೀನು ಊಟ ಆಯ್ತಾ ಅನ್ನುತ್ತೀಯ, ನಾನು ಆಯ್ತು ಅನ್ನುತ್ತೇನೆ. ಅಲ್ಲಿಗೆ ನಮ್ಮ ಸಂಸಾರ ಮುಗಿಯಿತು. ಊರೆಲ್ಲ ಕೇಳುವಾಗ ಗಂಡ ಹೆಂಡತಿ ಇನ್ನೇನು ಮಾತಾಡುವುದು, ನೀನೇ ಹೇಳು.

ಮಗು ನೋಡಿಕೊಳ್ಳಲು ನೀನು ಹೋಗಿ ಎಷ್ಟು ಕಾಲವಾಯಿತೋ, ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ. ತೊಟ್ಟಿಲಲ್ಲಿದ್ದ ಮಗು ಈಗ ಶಾಲೆಗೆ ಹೋಗುತ್ತಿದೆ ಅಂದರೆ ನೀನೇ ಅಂದಾಜು ಮಾಡು. ಮನೆಯಲ್ಲಿ ಮಾತಿಗೆ ಯಾರೂ ಇಲ್ಲ. ಹೀಗಾಗಿ ಎದುರಿನ ಕ್ಷೌರದಂಗಡಿಗೆ ಹೋಗಿ ಕೂರುತ್ತೇನೆ. ಸುಮ್ಮನೆ ಕೂತರೆ ಅವನ ಕೆಲಸಕ್ಕೆ ಅಡ್ಡಿಯಾಗುತ್ತದಲ್ಲ ಅಂತ ಗಡ್ಡವನ್ನೋ ತಲೆಯನ್ನೋ ಒಪ್ಪಿಸುತ್ತೇನೆ. ಮೊನ್ನೆ ಅವನು ಕತ್ತರಿ ಕೆಳಗಿಟ್ಟು, "ಯಜಮಾನ್ರೇ, ಕೂದಲು ಬೆಳೆಯೋಕೂ ಸ್ವಲ್ಪ ಟೈಮ್ ಕೊಡಿ," ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಯಾಕೋ ಬೇಜಾರಾಯಿತು.

ನಿನ್ನ ತೋಟದ ಸುದ್ದಿ ಹೇಳುತ್ತೇನೆ ಕೇಳು. ಬೀದಿಯ ತಿರುವಿನ ಕಸದ ರಾಶಿ ತೆಗೆದು ನೀನು ನೆಟ್ಟುಹೋದ ಗಿಡಗಳೆಲ್ಲ ಚೆನ್ನಾಗಿವೆ. ಒಂದು ಗುಲಾಬಿ ಮಾತ್ರ ನನ್ನ ಕೈಯಲ್ಲಿ ಹೋಯಿತು, ಬಯ್ಯಬೇಡ. ನೀರು ಹೆಚ್ಚಾಯಿತಂತೆ. ಸಂಜೆ ಮಾಡಲು ಬೇರೇನೂ ತೋಚದೆ ಬೆಳಿಗ್ಗೆ ಹಾಕಿದ್ದಕ್ಕೇ ಮತ್ತೆ ಹಾಕಿದ್ದೆ. ಪ್ರತಿ ಗಿಡಕ್ಕೂ ತಗಡಿನ ಸಣ್ಣ ಬೋರ್ಡ್ ಬರೆದು ನೆಟ್ಟಿದ್ದೇನೆ. ಹೆಸರುಗಳು ನಿನಗೆ ಗೊತ್ತು, ನನಗೆಲ್ಲಿ ಗೊತ್ತು? 'ಕೆಂಪು', 'ಹಳದಿ', 'ಇನ್ನೂ ಹೂ ಬಿಟ್ಟಿಲ್ಲ' ಅಂತ ಬರೆದಿದ್ದೇನೆ. ಅಕ್ಷರ ಮಾತ್ರ ಮುತ್ತಿನ ಹಾಗಿವೆ. 'ಇನ್ನೂ ಹೂ ಬಿಟ್ಟಿಲ್ಲ' ಈಗ ಬಿಳಿ ಹೂ ಬಿಟ್ಟಿದೆ, ಬೋರ್ಡ್ ಬದಲಾಯಿಸಬೇಕು.

ಮನೆಗೆ ಬೀಗ ಹಾಕಿ ಬಂದುಬಿಡಿ ಅಂತ ನೀನು ಮೂರು ಸಲ ಕರೆದೆ. ಮೂರು ಸಲವೂ ನಾನು ಒಂದೇ ರಾಗ ಹಾಡಿದೆ, ಗಿಡಕ್ಕೆ ನೀರು ಯಾರು ಹಾಕ್ತಾರೆ ಅಂತ. ಮೂರನೆಯ ಸಲ ಸ್ವಲ್ಪ ಜೋರಾಗಿಯೇ ಹೇಳಿದೆ, ಅಳಿಯನ ಮನೆಯಲ್ಲಿ ಕೂತು ತಿನ್ನುವವನಲ್ಲ ಅಂತಲೂ ಅಂದುಬಿಟ್ಟೆ. ಸ್ಪೀಕರ್ ಹಾಕಿದೆ ಅನ್ನುವುದು ಬಾಯಿಂದ ಮಾತು ಬಿದ್ದ ಮೇಲೆ ನೆನಪಾಯಿತು. ಆಮೇಲೆ ನೀನು ಕರೆಯಲೇ ಇಲ್ಲ. ಊಟ ಆಯ್ತಾ, ಆಯ್ತು, ಅಷ್ಟೇ.

ಹೀಗಿರುವಾಗ ಪುರಸಭೆಯವರು ಕ್ಷೌರದಂಗಡಿಯ ಗೋಡೆಗೆ ಒಂದು ಪ್ರಕಟಣೆ ಅಂಟಿಸಿದರು. ಬೀದಿಯನ್ನು ಹಸಿರಾಗಿ, ಚೆಂದವಾಗಿ ಇಟ್ಟುಕೊಂಡ ನಿವಾಸಿಗಳಿಗೆ ಪ್ರಶಸ್ತಿ ಕೊಡುತ್ತಾರಂತೆ. ಗೆದ್ದ ಜಾಗಕ್ಕೆ ಏನೇನೋ ಅನುಕೂಲ ಮಾಡಿಕೊಡುತ್ತಾರಂತೆ, ಅದಿರಲಿ. ನಿನ್ನ ಹೆಸರಿನಲ್ಲಿ ಅರ್ಜಿ ಹಾಕಿದೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನೀನು ಇಲ್ಲಿದ್ದಾಗ ನಿನ್ನ ಕೆಲಸಕ್ಕೆ ಯಾರೂ ಬೆಲೆ ಕೊಡಲಿಲ್ಲ, ನಾನಂತೂ ಕೊಡಲೇ ಇಲ್ಲ. ಅರ್ಜಿಯ ಜೊತೆ ಎರಡು ಫೋಟೋ ಕೇಳಿದ್ದರು. 'ಮೊದಲು' ಅಂತ ಒಂದು, 'ಈಗ' ಅಂತ ಒಂದು. ಈಗಿನದನ್ನು ಪಕ್ಕದ ಮನೆಯ ಟೈಲರಮ್ಮ ತನ್ನ ಮೊಬೈಲಿನಲ್ಲಿ ತೆಗೆದುಕೊಟ್ಟಳು. ಮೊದಲಿನದು ಎಲ್ಲಿಂದ ತರುವುದು? ಕಸದ ರಾಶಿಗೆ ಯಾರಾದರೂ ಫೋಟೋ ತೆಗೆಸುತ್ತಾರೆಯೇ? ನಮ್ಮ ಮದುವೆಯ ಫೋಟೋವೇ ನೆಟ್ಟಗಿಲ್ಲ.

ಜೀವಮಾನವೆಲ್ಲ ಬೋರ್ಡ್ ಬರೆದವನಿಗೆ ಬೇರೆ ದಾರಿ ತಿಳಿಯುತ್ತದೆಯೇ? ಮಂಚದ ಕೆಳಗಿದ್ದ ಹಳೆಯ ತಗಡು ಎಳೆದು, ತುಕ್ಕು ಉಜ್ಜಿ, ಬಿಳಿ ಬಣ್ಣ ಹೊಡೆದು ಒಣಗಿಸಿ, ಅದರ ಮೇಲೆ ಆ ಕಸದ ರಾಶಿಯನ್ನೇ ಬರೆದೆ. ಹರಿದ ಹಾಸಿಗೆ, ಕಾಲು ಮುರಿದ ಕುರ್ಚಿ, ಹಣ್ಣಿನಂಗಡಿಯ ಕೊಳೆತ ಬುಟ್ಟಿ, ಕ್ಷೌರದಂಗಡಿಯ ಕೂದಲ ಗುಡ್ಡೆ, ಅದರ ಮೇಲೆ ಮಲಗುತ್ತಿದ್ದ ಬಾಲವಿಲ್ಲದ ನಾಯಿ, ಒಂದನ್ನೂ ಬಿಡಲಿಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ 'ಮೊದಲು ಹೀಗಿತ್ತು' ಅಂತ ಬರೆದೆ. ರಾಶಿಯ ನಡುವೆ ನಿನ್ನನ್ನು ನಿಲ್ಲಿಸಿದೆ, ಕೈಯಲ್ಲಿ ಪೊರಕೆ, ಸೆರಗು ಸೊಂಟಕ್ಕೆ. ಆ ದಿನ ನೀನು, "ಮನೆ ಗುಡಿಸಿ ಬೀದೀಲಿ ಸುರಿದ್ರೆ ಮನೆ ಹೇಗ್ರೀ ಶುದ್ಧ ಆಗತ್ತೆ?" ಅಂತ ನನ್ನನ್ನು ಕೇಳಿ, ಉತ್ತರಕ್ಕೂ ಕಾಯದೆ ಪೊರಕೆ ಹಿಡಿದು ತಿರುವಿಗೆ ಹೊರಟುಹೋಗಿದ್ದೆಯಲ್ಲ, ಆ ದಿನದ ನೀನು. ಮುಖ ಬರೆದೆ, ಸರಿಬರಲಿಲ್ಲ, ಟರ್ಪೆಂಟೈನ್ ಹಾಕಿ ಒರೆಸಿದೆ. ಮತ್ತೆ ಬರೆದೆ, ಮತ್ತೆ ಒರೆಸಿದೆ. ನನ್ನದು ಅಕ್ಷರದ ಕೈ. ಹಾಲಿನಂಗಡಿಯ ಬೋರ್ಡಿನಲ್ಲಿ ನಾನು ಬರೆದ ಹಸುವನ್ನು ಜನ ಕತ್ತೆ ಅಂದಿದ್ದು ನೀನು ಮರೆತಿರಲಾರೆ. ಕೊನೆಗೆ ನಿನ್ನನ್ನು ಬೆನ್ನು ಮಾಡಿ ನಿಲ್ಲಿಸಿಬಿಟ್ಟೆ. ಮುಖ ಮರೆತಿದೆ ಅಂದುಕೊಳ್ಳಬೇಡ. ಕಣ್ಣಿಗೆ ಬರುತ್ತದೆ, ಕೈಗೆ ಬರುವುದಿಲ್ಲ.

ತೋಟ ನೋಡಲು ಪ್ರಶಸ್ತಿ ಸಮಿತಿಯ ಮೇಡಂ ಬಂದ ದಿನ ಆ ತಗಡನ್ನು ತಿರುವಿನ ಗೋಡೆಗೆ ಒರಗಿಸಿದ್ದೆ. ತೋಟ ನೋಡುವುದನ್ನು ಬಿಟ್ಟು ಬೀದಿಯವರೆಲ್ಲ ಅದರ ಮುಂದೆ ಸೇರಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನಮ್ಮವರದೂ ಅದೇ ಕಥೆ. ಯಾರೂ ಕೇಳದೆಯೇ ಟೈಲರಮ್ಮ ಆ ಕುರ್ಚಿ ತಮ್ಮ ಮನೆಯದಲ್ಲ ಅಂದಳು. ಹಣ್ಣಿನವನು ತನ್ನ ಬುಟ್ಟಿ ಅಷ್ಟು ದೊಡ್ಡದಿರಲಿಲ್ಲ ಅಂತ ತಗಾದೆ ತೆಗೆದ. ಕ್ಷೌರದವನು ಕೂದಲ ಗುಡ್ಡೆಯನ್ನು ದಿಟ್ಟಿಸಿ ನೋಡಿ, ಅದರಲ್ಲಿ ಮುಕ್ಕಾಲು ಪಾಲು ಯಜಮಾನ್ರದ್ದೇ ಅಂದ. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ವರ್ಷದಲ್ಲಿ ಯಾರೂ 'ಮೊದಲು' ಅನ್ನುವುದನ್ನು ಕೈಯಾರೆ ಬರೆದುಕೊಟ್ಟಿಲ್ಲ ಅಂದರು. ಆಮೇಲೆ ಬೆನ್ನು ಮಾಡಿ ನಿಂತ ಹೆಂಗಸನ್ನು ತೋರಿಸಿ ಇವರು ಯಾರು ಅಂತ ಕೇಳಿದರು. ನನ್ನ ಹೆಂಡತಿ, ಅರ್ಜಿ ಅವಳದೇ ಅಂದೆ. ಎಲ್ಲಿದ್ದಾರೆ, ಕರೆಯಿರಿ ಅಂದರು.

"ಮಗಳ ಮನೆಗೆ ಹೋಗಿದಾಳೆ. ನಾಳೆ ಬರ್ತಾಳೆ," ಅಂದೆ.

ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಕ್ಷೌರದವನು ಹಿಂದಿನಿಂದ ಸಣ್ಣಗೆ ಕೆಮ್ಮಿದ. ಉಳಿದವರು ನೆಲ ನೋಡಿದರು. ಅಂದು ಸಂಜೆ ಟೈಲರಮ್ಮ ನನಗೆ ಊಟ ಕಳಿಸಿದಳು. ಅಷ್ಟು ಜನ ಒಟ್ಟಿಗೆ ಒಬ್ಬ ಮನುಷ್ಯನ ಸುಳ್ಳನ್ನು ಕಾಪಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ, ಅದಕ್ಕೇ ಕಸ ಸುರಿಯುತ್ತಿದ್ದರು ಅಂತ ಅವರ ಮೇಲಿದ್ದ ಹಳೆಯ ಸಿಟ್ಟನ್ನೆಲ್ಲ ಬಿಟ್ಟುಬಿಟ್ಟೆ. ಆ ರಾತ್ರಿ ತಗಡನ್ನು ಮನೆಯೊಳಗೆ ತಂದು ಮಂಚದ ಎದುರಿಗೆ ಇಟ್ಟೆ. ನೀನು ಅಲ್ಲೂ ನನಗೆ ಬೆನ್ನು ಮಾಡಿಯೇ ನಿಂತಿದ್ದೆ. ಒಂಟಿಯಾಗಿಬಿಟ್ಟೆ ಅಂತ ಮೊದಲ ಸಲ ಬಾಯಿಬಿಟ್ಟು ಹೇಳಿಕೊಂಡೆ.

ಇರಲಿ, ಕಾಗದ ಉದ್ದವಾಯಿತು. ಮೊಮ್ಮಗಳಿಗೆ ಅಜ್ಜನ ಮುತ್ತು, ಬುದ್ಧಿವಂತೆಯಾಗಲಿ, ನಿನ್ನಷ್ಟು ಹಟಮಾರಿಯಾಗದಿರಲಿ. ಮಗಳಿಗೆ ಆಶೀರ್ವಾದ. ನಾನಂದ ಮಾತನ್ನು ಅಳಿಯಂದಿರು ಮನಸ್ಸಿನಲ್ಲಿ ಇಟ್ಟುಕೊಳ್ಳದಿರಲಿ. ರಾತ್ರಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗು.

ಇಂತಿ,
ಹೆಸರಿಗೆ ಮಾತ್ರ ನಿನ್ನ ಯಜಮಾನ

ಮತ್ತೆ: ಹೇಳಲು ಮರೆತೆ ಅಂತ ಬರೆಯಲು ಹೊರಟಿದ್ದೆ. ಮರೆತಿಲ್ಲ. ಪ್ರಶಸ್ತಿ ನಿನಗೇ ಬಂತು. ಗೆದ್ದ ಜಾಗಕ್ಕೆ ಪುರಸಭೆಯವರೇ ನಲ್ಲಿ ಹಾಕಿಸಿ ಒಬ್ಬ ಮಾಲಿಯನ್ನು ಇಡುತ್ತಾರೆ. ಗೋಡೆಗೆ ಅಂಟಿಸಿದ ಆ ಪ್ರಕಟಣೆಯಲ್ಲಿ ನಾನು ಮೊದಲು ಓದಿದ್ದೇ ಅದನ್ನು. ಅರ್ಜಿ ಹಾಕಿದ್ದೂ ಅದಕ್ಕೇ. ಮಾಲಿ ಮುಂದಿನ ವಾರದಿಂದ ಬರುತ್ತಾನೆ, ಗಿಡಕ್ಕೆ ನೀರು ಯಾರು ಹಾಕ್ತಾರೆ ಅಂತ ಇನ್ನು ನಾನು ಹೇಳುವ ಹಾಗಿಲ್ಲ. ನಾನಾಗಿ ಬರುತ್ತೇನೆ ಅನ್ನಲು ನನಗೆ ಬಾಯಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ನೀನು ನಗುತ್ತೀಯ, ನಗು. ಆದರೆ ಇನ್ನೊಂದು ಸಲ ಕರೆ. ಸ್ಪೀಕರಿನಲ್ಲೇ ಕರೆ, ಎಲ್ಲರೂ ಕೇಳಲಿ.